ಸಿಂಕ್‌ಥಿಂಗ್-ಫೋರ್ಕ್: ಬ್ಯಾಟರಿ ತಿನ್ನದಂತೆ ಫೋಲ್ಡರ್ ಸಿಂಕ್ ಮಾಡಿಸುವುದು ಹೇಗೆ

ಫೋನಿನಲ್ಲಿ ತೆಗೆದ ಫೋಟೊ, ಸ್ಕ್ಯಾನ್ ಮಾಡಿದ ಪಿಡಿಎಫ್, ವಾಟ್ಸ್‌ಆ್ಯಪ್‌ನಲ್ಲಿ ಬಂದ ದಾಖಲೆಗಳು ತಾವಾಗಿಯೇ ಕಂಪ್ಯೂಟರಿಗೆ ಬಂದು ಸೇರಬೇಕು, ನಡುವೆ ಯಾರ ಕ್ಲೌಡೂ ಬೇಡ ಎನ್ನುವವರಿಗೆ ಆಂಡ್ರಾಯ್ಡ್‌ನಲ್ಲಿ ಸಿಂಕ್‌ಥಿಂಗ್-ಫೋರ್ಕ್ ಅತ್ಯುತ್ತಮ ಆಯ್ಕೆ. ಉಚಿತ, ಓಪನ್ ಸೋರ್ಸ್, ಜಾಹೀರಾತಿನ ಕಾಟವಿಲ್ಲ. ಇದು ಸಿಂಕ್‌ಥಿಂಗ್ ಎಂಬ ಫೋಲ್ಡರ್ ಸಿಂಕ್ ತಂತ್ರಾಂಶದ ಆಂಡ್ರಾಯ್ಡ್ ಆ್ಯಪನ್ನು ಆಧರಿಸಿ ಬೇರೆಯವರು ಮುಂದುವರಿಸುತ್ತಿರುವ ಆವೃತ್ತಿ (ಫೋರ್ಕ್). ಸಿಂಕ್‌ಥಿಂಗ್‌ನ ಅಧಿಕೃತ ಆಂಡ್ರಾಯ್ಡ್ ಆ್ಯಪ್ 2024ರ ಡಿಸೆಂಬರ್‌ನಲ್ಲಿ ನಿಂತಿದೆ. ಇನ್ನೂ ಅದನ್ನೇ ಬಳಸುತ್ತಿರುವವರು ಓಪನ್ ಸೋರ್ಸ್ ಆ್ಯಪ್‌ಗಳ ಅಂಗಡಿಯಾದ ಎಫ್-ಡ್ರಾಯ್ಡ್‌ನಿಂದ ಫೋರ್ಕ್ ಹಾಕಿಕೊಳ್ಳುವುದು ವಾಸಿ.

ಬ್ಯಾಟರಿ ಬೇಗ ಇಳಿಯುತ್ತದೆ ಎಂಬ ದೂರು ಸುಳ್ಳಲ್ಲ, ಆದರೆ ಫೈಲ್ ಕಳಿಸುವುದಕ್ಕೆ ಹೋಗುವ ಚಾರ್ಜು ಕಡಿಮೆಯೇ. ಕಳಿಸಲು ಏನೂ ಇಲ್ಲದಾಗಲೂ ಆ್ಯಪ್ ಎಚ್ಚರವಾಗಿದ್ದು ಸಂಪರ್ಕ ಹಿಡಿದಿಟ್ಟುಕೊಳ್ಳುವುದು, ಕಂಪ್ಯೂಟರ್ ಎಲ್ಲಿದೆ ಎಂದು ಹುಡುಕುತ್ತಲೇ ಇರುವುದು, ಫೋಲ್ಡರ್‌ಗಳನ್ನು ಮತ್ತೆ ಮತ್ತೆ ಸ್ಕ್ಯಾನ್ ಮಾಡುವುದು, ಇವೇ ಬ್ಯಾಟರಿಯನ್ನು ತಿನ್ನುವುದು. ಹಾಗಾಗಿ ಮೊದಲು ತೆರೆಯಬೇಕಾದದ್ದು ಆ್ಯಪ್ ಯಾವಾಗ ಚಾಲೂ ಇರಬೇಕೆಂದು ಹೇಳುವ ‘ರನ್ ಕಂಡಿಷನ್ಸ್’. ಅಲ್ಲಿ ವೈಫೈ ಮಾತ್ರ, ಅದರಲ್ಲೂ ಮನೆಯ ವೈಫೈ ಹೆಸರು ಮಾತ್ರ, ಚಾರ್ಜ್ ಆಗುತ್ತಿರುವಾಗ ಮಾತ್ರ ಎಂದು ಮೂರನ್ನೂ ಆರಿಸಿ. ವೈಫೈ ಹೆಸರು ಓದಲು ಆಂಡ್ರಾಯ್ಡ್ ಲೊಕೇಶನ್ ಅನುಮತಿ ಕೇಳುತ್ತದೆ. ಅದನ್ನು ಕೊಡದಿದ್ದರೆ, ಅಥವಾ ಲೊಕೇಶನ್ ಆಫ್ ಇದ್ದರೆ, ಮನೆಯಲ್ಲೇ ಕೂತಿದ್ದರೂ ಸಿಂಕ್ ಶುರುವಾಗುವುದಿಲ್ಲ. ‘ಕೆಲಸವೇ ಮಾಡ್ತಿಲ್ಲ’ ಎನ್ನುವ ಎಷ್ಟೋ ದೂರುಗಳ ಮೂಲ ಇಲ್ಲೇ ಇರುತ್ತದೆ.

ಚಾರ್ಜಿಂಗ್ ಷರತ್ತಿಗೆ ಒಂದು ತೊಡಕಿದೆ. ನಡುವೆ ಸರ್ವರ್ ಇಲ್ಲದ ಕಾರಣ ಫೋನ್, ಕಂಪ್ಯೂಟರ್ ಎರಡೂ ಕಡೆ ಸಿಂಕ್‌ಥಿಂಗ್ ಒಟ್ಟಿಗೆ ಚಾಲೂ ಇರಬೇಕು. ರಾತ್ರಿ ಫೋನ್ ಚಾರ್ಜಿಗೆ ಹಾಕಿ ಲ್ಯಾಪ್‌ಟಾಪ್ ಮುಚ್ಚಿಟ್ಟರೆ ಒಂದು ಫೈಲೂ ಕದಲುವುದಿಲ್ಲ. ಅಂಥವರು ಚಾರ್ಜಿಂಗ್ ಷರತ್ತು ತೆಗೆದು, ಆಗಾಗ ಎದ್ದು ಕೆಲವೇ ನಿಮಿಷ ಕೆಲಸ ಮಾಡಿ ಮಲಗುವ ‘ಟೈಮ್ ಶೆಡ್ಯೂಲ್’ ಹಾಕಿಕೊಳ್ಳಲಿ. ಮನೆಯೊಳಗಿನ ಸಿಂಕ್ ಮಾತ್ರ ಸಾಕಾದರೆ ಗ್ಲೋಬಲ್ ಡಿಸ್ಕವರಿ (ಇಂಟರ್ನೆಟ್ ಮೂಲಕ ಕಂಪ್ಯೂಟರನ್ನು ಹುಡುಕುವುದು) ಮತ್ತು ರಿಲೇ (ನೇರ ಸಂಪರ್ಕ ಸಿಗದಾಗ ಬೇರೆ ಯಂತ್ರದ ಮೂಲಕ ದಾಟಿಸುವುದು) ಎರಡನ್ನೂ ಆಫ್ ಮಾಡಿ. ಮನೆಯ ವೈಫೈ ಒಳಗೇ ಹುಡುಕುವ ಲೋಕಲ್ ಡಿಸ್ಕವರಿ ಇರಲಿ. ಆಗಲೂ ಕಂಪ್ಯೂಟರ್ ಸಿಗದಿದ್ದರೆ ಒಳಬರುವ ಸಂಪರ್ಕಗಳನ್ನು ತಡೆಯುವ ಅದರ ಫೈರ್‌ವಾಲ್‌ನಲ್ಲಿ 22000 ಮತ್ತು 21027 ಪೋರ್ಟ್‌ಗಳು ತೆರೆದಿವೆಯೇ ನೋಡಿ.

ಮೊದಲ ಸಲದ ಸ್ಕ್ಯಾನ್ ಭಾರಿ: ಪ್ರತಿ ಫೈಲನ್ನೂ ಪೂರ್ತಿ ಓದಿ ಹ್ಯಾಶ್ (ಫೈಲ್ ಬದಲಾಗಿದೆಯೇ ಎಂದು ತಿಳಿಸುವ ಗುರುತು) ಲೆಕ್ಕ ಹಾಕುತ್ತದೆ. ಫೋನ್ ಬಿಸಿಯಾಗುವುದು ಸಹಜ, ಚಾರ್ಜರ್ ತೆಗೆಯಬೇಡಿ. ಆಮೇಲೆ ಪೂರ್ತಿ ಸ್ಕ್ಯಾನಿನ ಅವಧಿಯನ್ನು 3600 ಸೆಕೆಂಡಿನಿಂದ 86400ಕ್ಕೆ, ಅಂದರೆ ದಿನಕ್ಕೊಮ್ಮೆಗೆ ಏರಿಸಿ. ಹೊಸ ಫೋಟೊ ಬಂದದ್ದನ್ನು ‘ವಾಚ್ ಫಾರ್ ಚೇಂಜಸ್’ ಹೇಗೂ ಗಮನಿಸುತ್ತದೆ.

ಇಡೀ ಮೆಮೊರಿ ಸಿಂಕ್‌ಗೆ ಕೊಡಬೇಡಿ. ಡಿಸಿಐಎಂ (DCIM) ಒಳಗಿನ ಕ್ಯಾಮೆರಾ ಫೋಲ್ಡರ್, ಡಾಕ್ಯುಮೆಂಟ್ಸ್, ಹೀಗೆ ಬೇಕಾದಷ್ಟನ್ನು ಬೇರೆ ಬೇರೆಯಾಗಿ ಸೇರಿಸಿ. ವಾಟ್ಸ್‌ಆ್ಯಪ್ ಮೀಡಿಯ ಈಗ ಆಂಡ್ರಾಯ್ಡ್ ಫೋಲ್ಡರಿನ ಒಳಗಿನ ‘ಮೀಡಿಯ’ದಲ್ಲಿ ಇರುತ್ತದೆ, ಅದು ಸಿಗುತ್ತದೆ, ಪಕ್ಕದ ‘ಡೇಟಾ’ ಆಂಡ್ರಾಯ್ಡ್ 11ರಿಂದ ಈಚೆಗೆ ಮುಚ್ಚಿದ ಬಾಗಿಲು. ಕನ್ನಡದಲ್ಲಿ ಹೆಸರಿಟ್ಟ ಫೈಲ್‌ಗಳು ಹಾಗೆಯೇ ಬರುತ್ತವೆ. ಹೆಸರಿನಲ್ಲಿ ಕೋಲನ್‌ನಂಥ (:) ಕೆಲವು ಚಿಹ್ನೆಗಳಿರುವವು ಮಾತ್ರ ವಿಂಡೋಸ್‌ನಲ್ಲಿ ಸಿಕ್ಕಿಬೀಳುತ್ತವೆ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ. ಫೋನಿನಲ್ಲಿ ಜಾಗ ಮಾಡಲು ಫೋಟೊ ಡಿಲೀಟ್ ಮಾಡಿದರೆ ಕಂಪ್ಯೂಟರಿನಲ್ಲೂ ಅದು ಹೋಗುತ್ತದೆ. ಫೋನಿನಲ್ಲಿ ‘ಸೆಂಡ್ ಓನ್ಲಿ’ ಇಟ್ಟರೆ ಕಂಪ್ಯೂಟರಿನಲ್ಲಾದ ಬದಲಾವಣೆ ಫೋನಿಗೆ ಬರದಂತೆ ತಡೆಯಬಹುದೇ ಹೊರತು ಫೋನಿನಿಂದ ಹೊರಟ ಡಿಲೀಟನ್ನು ಅಲ್ಲ. ಆದ್ದರಿಂದ ಕಂಪ್ಯೂಟರ್ ಕಡೆಯ ಫೋಲ್ಡರಿನಲ್ಲಿ ‘ಫೈಲ್ ವರ್ಷನಿಂಗ್’ಗೆ ಹೋಗಿ ‘ಟ್ರ್ಯಾಶ್ ಕ್ಯಾನ್’ ಆರಿಸಿ, ದಿನಗಳ ಜಾಗದಲ್ಲಿ 0 ಹಾಕಿ. ಅಳಿಸಿದ್ದು ಒಳಗಿನ ಒಂದು ಗುಪ್ತ ಫೋಲ್ಡರಿನಲ್ಲಿ ನೀವಾಗಿ ತೆಗೆಯುವವರೆಗೂ ಉಳಿಯುತ್ತದೆ. ಮಕ್ಕಳ ಫೋಟೊಗಳಿರುವ ಫೋಲ್ಡರನ್ನು ಇದನ್ನು ಮಾಡದೆ ದಯವಿಟ್ಟು ಸಿಂಕ್‌ಗೆ ಹಾಕಬೇಡಿ.

ಶಿಯೋಮಿ, ವಿವೊ, ಒಪ್ಪೊ ಫೋನುಗಳು ಹಿನ್ನೆಲೆಯ ಆ್ಯಪ್‌ಗಳನ್ನು ಕೊಲ್ಲುವುದರಲ್ಲಿ ಚುರುಕು. ಆಟೋಸ್ಟಾರ್ಟ್ ಆನ್ ಮಾಡಿ, ಬ್ಯಾಟರಿ ಆಪ್ಟಿಮೈಸೇಶನ್‌ನಿಂದ ಈ ಆ್ಯಪನ್ನು ಹೊರಗಿಡಿ. ರನ್ ಕಂಡಿಷನ್ಸ್ ಮೊದಲೇ ಹಾಕಿದ್ದರೆ ಇದರಿಂದ ಚಾರ್ಜ್ ಸೋರುವ ಭಯ ಬೇಡ.