ಟ್ಯೂಬಿನೊಳಗೊಂದು ಶ್ವಾಸಕೋಶ: ಟಿಬಿ ಬ್ಯಾಕ್ಟೀರಿಯಾವನ್ನು ನಂಬಿಸಲು ಹೋದ ನಾಲ್ಕು ದಾರಿ

ಮೂರು ವರ್ಷದಲ್ಲಿ ಟಿಬಿ ಬ್ಯಾಕ್ಟೀರಿಯಾಕ್ಕೆ ನಾನು ನಾಲ್ಕು ಥರದ ಸುಳ್ಳು ಹೇಳಿದ್ದೇನೆ. ಗಾಜಿನ ಟ್ಯೂಬಿನಲ್ಲಿ ಕೂರಿಸಿ, "ನೀನೀಗ ಮನುಷ್ಯನ ಶ್ವಾಸಕೋಶದಲ್ಲಿದ್ದೀಯ" ಎಂದು ನಂಬಿಸುವ ಸುಳ್ಳು. ಒಂದನ್ನು ಪೂರ್ತಿ ನಂಬಿತು. ಒಂದನ್ನು ಅರ್ಧ. ಇನ್ನೊಂದರಲ್ಲಿ ಅದೇ ನನ್ನನ್ನು ಮಂಗ ಮಾಡಿತು. ನಾಲ್ಕನೆಯದು ಸುಳ್ಳಿಗಿಂತ ನಿಜಕ್ಕೇ ಹತ್ತಿರ, ಆದರೆ ಅದರ ಉತ್ತರ ಓದುವಷ್ಟರಲ್ಲಿ ನನಗೆ ಸಾಕುಬೇಕಾಯಿತು. ಮಂಗಳೂರಿನ ನಮ್ಮ ಲ್ಯಾಬಿಗೆ ಹೊಸದಾಗಿ ಬರುವವರೆಲ್ಲ ಕೇಳುವುದು ಇದನ್ನೇ: "ಅಕ್ಕ, ಯಾವ ಮಾಡೆಲಿನಲ್ಲಿ ಶುರು ಮಾಡುವುದು?" ಮಾಡೆಲ್ ಎಂದರೆ ಈ ಸುಳ್ಳುಗಳೇ. ಪ್ರತಿ ಸಲ ಕ್ಯಾಂಟೀನಿನಲ್ಲಿ ಕೂತು ಹೇಳುವ ಬದಲು ಬರೆದುಬಿಡುತ್ತೇನೆ.

ಈ ಬ್ಯಾಕ್ಟೀರಿಯಾದ ಜೀನೋಮನ್ನು 1998ರಲ್ಲೇ ಪೂರ್ತಿ ಓದಿಯಾಗಿದೆ. ಸುಮಾರು 44 ಲಕ್ಷ ಅಕ್ಷರ, ನಾಲ್ಕು ಸಾವಿರದಷ್ಟು ಜೀನ್. ಅವೆಲ್ಲ ಒಟ್ಟಿಗೆ ಕೆಲಸ ಮಾಡುವುದಿಲ್ಲ. ಲ್ಯಾಬಿನ ಫ್ಲಾಸ್ಕಿನಲ್ಲಿ ಗಾಳಿ, ಗ್ಲಿಸರಾಲ್, ಗ್ಲೂಕೋಸ್ ಎಲ್ಲ ಉಂಟು. ಅಲ್ಲಿ ಅದು ದಿನಕ್ಕೊಮ್ಮೆ ಎರಡಾಗುತ್ತ ಆರಾಮಾಗಿರುತ್ತದೆ. ದೇಹದೊಳಗೆ ಹಾಗಲ್ಲ. ಮ್ಯಾಕ್ರೋಫೇಜ್ ಎಂಬ ರಕ್ಷಣಾ ಕೋಶ ಅದನ್ನು ನುಂಗಿ ಒಂದು ಚೀಲದಲ್ಲಿ ಕೂಡಿಹಾಕುತ್ತದೆ. ಅಲ್ಲಿ ಆಮ್ಲ ಏರುತ್ತದೆ, ಕಬ್ಬಿಣಾಂಶ ಕೈಗೆ ಸಿಗುವುದಿಲ್ಲ, ಸಕ್ಕರೆಯ ಬದಲು ಕೊಬ್ಬು, ಕೊಲೆಸ್ಟರಾಲ್ ತಿಂದು ದಿನ ದೂಡಬೇಕು. ಮುಂದೆ ಸುತ್ತಲೂ ಗ್ರ್ಯಾನ್ಯುಲೋಮಾ ಎಂಬ ಗಂಟು ಕಟ್ಟಿಕೊಂಡರೆ ಉಸಿರಿಗೂ ಬರ. ಮೊಲಗಳ ಶ್ವಾಸಕೋಶದ ಇಂಥ ಗಂಟುಗಳಲ್ಲಿ ಅಳೆದಾಗ ಆಮ್ಲಜನಕದ ಒತ್ತಡ ಸರಾಸರಿ 1.6 ಮಿಲಿಮೀಟರ್ ಪಾದರಸ ಇತ್ತು; ನಾವು ಉಸಿರಾಡುವ ಗಾಳಿಯಲ್ಲಿ ಅದು 160ರ ಹತ್ತಿರ.

ಒಂದೊಂದು ಕಷ್ಟಕ್ಕೂ ಬ್ಯಾಕ್ಟೀರಿಯಾ ಒಂದೊಂದು ಗುಂಪು ಜೀನನ್ನು ಎಬ್ಬಿಸುತ್ತದೆ, ಉಳಿದವನ್ನು ಮಲಗಿಸುತ್ತದೆ. ಔಷಧಿ ಹಿಡಿಯುವುದೂ ಬಿಡುವುದೂ ಇದರ ಮೇಲೆಯೇ. ಐಸೋನಿಯಾಝಿಡ್ ವಿಭಜನೆಯಾಗುತ್ತಿರುವ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಸುಮ್ಮನೆ ಮಲಗಿದ್ದಕ್ಕೆ ಅದರಿಂದ ಎಂತದೂ ಆಗುವುದಿಲ್ಲ. ಪೈರಾಝಿನಮೈಡ್ ಚೆನ್ನಾಗಿ ಕೆಲಸ ಮಾಡುವುದು ಆಮ್ಲೀಯ ಜಾಗದಲ್ಲಿ. ಆರು ತಿಂಗಳು ಮಾತ್ರೆ ನುಂಗಿಸುವುದರ ಹಿಂದೆ ಈ ಕತೆಯೂ ಉಂಟು.

ನಮ್ಮದು ಬಿಎಸ್‌ಎಲ್-2 ಲ್ಯಾಬ್. ಬಿಎಸ್‌ಎಲ್ ಎಂದರೆ ಜೈವಿಕ ಸುರಕ್ಷತೆಯ ಮಟ್ಟ, ಅಂಕಿ ಏರಿದಷ್ಟೂ ಬಂದೋಬಸ್ತು ಹೆಚ್ಚು. ರೋಗ ತರುವ ಎಚ್37ಆರ್‌ವಿ ತಳಿಯನ್ನು ಇಲ್ಲಿ ಮುಟ್ಟುವ ಹಾಗಿಲ್ಲ, ಅದಕ್ಕೆ ಬಿಎಸ್‌ಎಲ್-3 ಬೇಕು. ಹಾಗಾಗಿ ಅದರ ಸಾಧು ತಮ್ಮ ಎಚ್37ಆರ್‌ಎ. ಎರಡಕ್ಕೂ ಮೂಲ ಒಂದೇ: 1905ರಲ್ಲಿ ನ್ಯೂಯಾರ್ಕ್ ರಾಜ್ಯದ ಸರನಾಕ್ ಲೇಕ್‌ನಲ್ಲಿ ಒಬ್ಬ ರೋಗಿಯ ಕಫದಿಂದ ಬೆಳೆಸಿದ ಎಚ್37. 1930ರ ದಶಕದಲ್ಲಿ ಅದನ್ನು ಉಗ್ರ ಮತ್ತು ಸೌಮ್ಯ ಎಂದು ಎರಡಾಗಿ ಬೇರ್ಪಡಿಸಿದರು. ಸೌಮ್ಯವಾದದ್ದು ಯಾಕೆ ಸೌಮ್ಯ ಎಂದು ಆಗ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಅದರ ದಂಡ ಆಮೇಲೆ ಕಟ್ಟಿದೆ.

ಮೊದಲು ಮಾಡಿದ್ದು ಮುಚ್ಚಿದ ಟ್ಯೂಬಿನದ್ದು, ಲಾರೆನ್ಸ್ ವೇಯ್ನ್ ಅವರ ಹೆಸರಿನಲ್ಲಿ ವೇಯ್ನ್ ಮಾಡೆಲ್ ಎನ್ನುತ್ತಾರೆ. ಸ್ಕ್ರೂ ಕ್ಯಾಪಿನ ಟ್ಯೂಬಿನಲ್ಲಿ ಎರಡು ಪಾಲು ಕಲ್ಚರ್, ಒಂದು ಪಾಲು ಗಾಳಿ ಬಿಟ್ಟು ಗಟ್ಟಿಯಾಗಿ ಮುಚ್ಚುವುದು. ಒಳಗೆ ಪುಟ್ಟ ಮ್ಯಾಗ್ನೆಟ್ ನಿಧಾನ ತಿರುಗುತ್ತಿರುತ್ತದೆ, ಮೇಲ್ಮೈ ಕದಡದಷ್ಟು ನಿಧಾನ. ಬ್ಯಾಕ್ಟೀರಿಯಾ ತನ್ನ ಗಾಳಿಯನ್ನು ತಾನೇ ಉಸಿರಾಡಿ ಮುಗಿಸುತ್ತದೆ. ಒಂದು ಟ್ಯೂಬಿಗೆ ಮಾತ್ರ ಮೆಥಿಲೀನ್ ಬ್ಲೂ ಹಾಕಿಡುತ್ತೇವೆ. ಆಮ್ಲಜನಕ ಮುಗಿದಾಗ ನೀಲಿ ಮಾಯವಾಗುತ್ತದೆ. ನಮ್ಮ ಅಟೆಂಡರ್ ಅಣ್ಣನಿಗೆ ಇದೊಂದು ಪ್ರಯೋಗದ ಮೇಲೆ ಭಾರೀ ಪ್ರೀತಿ. ಬೆಳಿಗ್ಗೆ ಬಂದವರೇ ಇನ್‌ಕ್ಯುಬೇಟರ್ ಇಣುಕಿ, "ಮೇಡಂ, ನೀಲಿ ಇನ್ನೂ ಉಂಟು ಮಾರಾಯ್ರೆ" ಎಂದು ವರದಿ ಒಪ್ಪಿಸುತ್ತಿದ್ದರು.

ಇದರ ಗುಟ್ಟೆಲ್ಲ ಆ ನಿಧಾನದಲ್ಲಿದೆ. ಆಮ್ಲಜನಕವನ್ನು ಒಮ್ಮೆಲೇ ಕಿತ್ತುಕೊಂಡರೆ ಬ್ಯಾಕ್ಟೀರಿಯಾ ಬೇಗ ಸಾಯುತ್ತದೆ. ಮೆಲ್ಲ ಮೆಲ್ಲ ಕಡಿಮೆ ಮಾಡಿದರೆ ಸಿದ್ಧತೆ ಮಾಡಿಕೊಂಡು ಮಲಗುತ್ತದೆ. ದಕ್ಕೆಯಲ್ಲಿ ಬೋಟಿನವರನ್ನು ಕೇಳಿ. ಜೂನ್ ಒಂದರಿಂದ 61 ದಿನ ಮೀನುಗಾರಿಕೆ ನಿಷೇಧ ಎಂದು ಮೊದಲೇ ಗೊತ್ತಿದ್ದರೆ ಬೋಟು ಕಟ್ಟುತ್ತಾರೆ, ಬಲೆ ಒಣಗಿಸುತ್ತಾರೆ, ಇಂಜಿನ್ ಬಿಚ್ಚಿ ಎಣ್ಣೆ ಹಚ್ಚುತ್ತಾರೆ. ಅದೇ ನಡು ಸಮುದ್ರದಲ್ಲಿ ಹೇಳದೆ ಕೇಳದೆ ತೂಫಾನು ಎದ್ದರೆ ಬೋಟೇ ಹೋಗುತ್ತದೆ. ಟಿಬಿ ಬ್ಯಾಕ್ಟೀರಿಯಾದ ಮಟ್ಟಿಗೆ ಆ ಮುನ್ಸೂಚನೆ ಓದುವವರು ಡಾಸ್‌ಎಸ್, ಡಾಸ್‌ಟಿ ಎಂಬ ಎರಡು ಸಂವೇದಕ ಪ್ರೋಟೀನುಗಳು. ಅವು ಡಾಸ್‌ಆರ್‌ಗೆ ಸುದ್ದಿ ಮುಟ್ಟಿಸುತ್ತವೆ, ಡಾಸ್‌ಆರ್ ಐವತ್ತರ ಹತ್ತಿರ ಜೀನುಗಳನ್ನು ಒಟ್ಟಿಗೆ ಎಬ್ಬಿಸುತ್ತದೆ. ದೆಹಲಿಯ ಏಮ್ಸ್‌ನಲ್ಲಿ ಜಯಾ ತ್ಯಾಗಿ ಅವರ ಗುಂಪು ಇದೇ ಜೀನನ್ನು ಗುರುತಿಸಿ ಡೆವ್‌ಆರ್ ಎಂದು ಕರೆದಿತ್ತು. ಆರ್‌ವಿ, ಆರ್‌ಎ ಎರಡನ್ನೂ ಪಕ್ಕಪಕ್ಕ ಇಟ್ಟು ಹುಡುಕಿದ್ದರಿಂದಲೇ ಅದು ಸಿಕ್ಕಿದ್ದು. ಈಗಲೂ ಎರಡೂ ಹೆಸರು ಬಳಕೆಯಲ್ಲಿವೆ.

ಫಲಿತಾಂಶ? ನೀಲಿ ಹೋದ ಟ್ಯೂಬುಗಳಿಂದ ಆರ್‌ಎನ್‌ಎ (ಎದ್ದ ಜೀನು ಹೊರಡಿಸುವ ಪ್ರತಿ) ತೆಗೆದು, ಅದು ಎಷ್ಟಿದೆ ಎಂದು ಅಳೆಯುವ ಕ್ಯೂಪಿಸಿಆರ್ ಮಾಡಿದಾಗ ಡಾಸ್‌ಆರ್ ಗುಂಪಿನ ಎಚ್‌ಎಸ್‌ಪಿಎಕ್ಸ್ ಜೀನಿನ ಗೆರೆ ಗಾಳಿಯ ಫ್ಲಾಸ್ಕಿಗಿಂತ ಎಷ್ಟೋ ಸೈಕಲ್ ಮೊದಲೇ ಮೇಲೇರಿತು; ಬೇಗ ಏರಿದಷ್ಟೂ ಪ್ರತಿ ಹೆಚ್ಚು ಎಂದರ್ಥ. ಸಂಶಯಕ್ಕೆ ಜಾಗವೇ ಇಲ್ಲ. ಇನ್ನೊಂದು ಪರೀಕ್ಷೆಯೂ ಉಂಟು, ಖರ್ಚು ಕಡಿಮೆ: ಮೆಟ್ರೋನಿಡಝೋಲ್. ಹೊಟ್ಟೆ ಕೆಟ್ಟಾಗ ಕೊಡುವ ಅದೇ ಔಷಧಿ, ಗಾಳಿ ಇರುವ ಫ್ಲಾಸ್ಕಿನಲ್ಲಿ ಬ್ಯಾಕ್ಟೀರಿಯಾವನ್ನು ಅಲುಗಿಸುವುದಿಲ್ಲ. ಆಮ್ಲಜನಕ ಮುಗಿದ ಟ್ಯೂಬಿನಲ್ಲಿ ಕೊಲ್ಲುತ್ತದೆ.

ತಾಪತ್ರಯ ಎರಡು. ಒಂದು, ನಮ್ಮ ಮಳೆಗಾಲ. ಜುಲೈಯಲ್ಲೊಂದು ರಾತ್ರಿ ಕರೆಂಟು ಹೋಗಿ, ಯುಪಿಎಸ್ಸೂ ಕೈಕೊಟ್ಟು, ಮ್ಯಾಗ್ನೆಟ್ ನಿಂತುಬಿಟ್ಟಿತು. ಬ್ಯಾಕ್ಟೀರಿಯಾ ತಳಕ್ಕೆ ಇಳಿದು ಕೂತಿತು. ತಳದಲ್ಲಿದ್ದದ್ದಕ್ಕೆ ಒಂದು ಲೋಕ, ಮೇಲಿದ್ದದ್ದಕ್ಕೆ ಇನ್ನೊಂದು. ಹತ್ತು ದಿನದ ಕೆಲಸ ನೀರುಪಾಲು. ಎರಡನೆಯದು, ಮುಚ್ಚಳ ತೆಗೆಯುವ ಕ್ಷಣ. ಈ ಬ್ಯಾಕ್ಟೀರಿಯಾ ಬೆಳೆಯುತ್ತಿರುವಾಗ ಅದರ ಎಂಆರ್‌ಎನ್‌ಎಯ ಅರ್ಧಾಯುಷ್ಯ ಸರಾಸರಿ ಒಂಬತ್ತೂವರೆ ನಿಮಿಷ, ಅಂದರೆ ಅಷ್ಟರಲ್ಲಿ ಜೀನಿನ ಪ್ರತಿಗಳಲ್ಲಿ ಅರ್ಧ ಕರಗಿರುತ್ತದೆ. ಮುಚ್ಚಳ ತೆಗೆದರೆ ಮೆಥಿಲೀನ್ ಬ್ಲೂ ಟ್ಯೂಬಿನಲ್ಲಿ ಕಣ್ಣೆದುರೇ ನೀಲಿ ವಾಪಸ್ ಬರುತ್ತದೆ. ಪಕ್ಕದ ಟ್ಯೂಬಿನ ಬ್ಯಾಕ್ಟೀರಿಯಾಕ್ಕೂ ಅದೇ ಹೊತ್ತಿಗೆ ಗಾಳಿ ತಾಗಿರುತ್ತದೆ ಎಂದು ಹೊಳೆಯಲು ನನಗೆ ಮೂರು ಬ್ಯಾಚ್ ಬೇಕಾಯಿತು. ಮೊದಲ ಮೂರರಲ್ಲಿ ನಾನು ಸೆಂಟ್ರಿಫ್ಯೂಜ್ ಖಾಲಿಯಾಗುವುದನ್ನು ಕಾಯುತ್ತ ನಿಂತಿದ್ದೆ! ಈಗ ರಬ್ಬರ್ ಬಿರಡೆಯ ಮೂಲಕ ಸೂಜಿ ಚುಚ್ಚಿ ನೇರ ಟ್ರೈಝಾಲಿಗೆ, ಆರ್‌ಎನ್‌ಎಯನ್ನು ಇದ್ದ ಹಾಗೆ ಕಾಯುವ ದ್ರಾವಣಕ್ಕೆ, ಎಳೆಯುತ್ತೇನೆ.

ಉಪವಾಸದ ಮಾಡೆಲ್ ಇದಕ್ಕಿಂತ ಸುಲಭ. ಬೆಳೆದ ಬ್ಯಾಕ್ಟೀರಿಯಾವನ್ನು ತೊಳೆದು ಬರೀ ಉಪ್ಪಿನ ಬಫರಿಗೆ, ಪಿಬಿಎಸ್‌ಗೆ, ಹಾಕಿ ಬಿಡುವುದು. ಗಾಳಿ ಇರುತ್ತದೆ, ಆಹಾರ ಇರುವುದಿಲ್ಲ. ವಾರಗಟ್ಟಲೆ ಬೆಳೆಯುವುದೂ ಇಲ್ಲ, ಸಾಯುವುದೂ ಇಲ್ಲ. ನಾನು ಮಾಡಿದ ತಪ್ಪು ಉಡುಪಿಯವರಿಗೆ ಬೇಗ ಅರ್ಥವಾದೀತು. ಬ್ಯಾಕ್ಟೀರಿಯಾ ಮುದ್ದೆ ಕಟ್ಟದ ಹಾಗೆ ಅಭ್ಯಾಸಬಲದಿಂದ ಟ್ವೀನ್ 80 ಹಾಕಿದ್ದೆ. ಟ್ವೀನ್ 80 ಎಂದರೆ ಅದರೊಳಗೆ ಓಲಿಕ್ ಆಮ್ಲ, ಈ ಬ್ಯಾಕ್ಟೀರಿಯಾಕ್ಕೆ ಒಳ್ಳೆಯ ಊಟ. ಏಕಾದಶಿ ಎಂದು ಹೇಳಿ ಪಕ್ಕದಲ್ಲೇ ಒಗ್ಗರಣೆ ಅವಲಕ್ಕಿ ಬಡಿಸಿದ ಹಾಗಾಯಿತು. ಅದು ಉಪವಾಸವೂ ಹೌದು, ಅಲ್ಲವೂ ಹೌದು. ಮುದ್ದೆ ಕಟ್ಟದಂತೆ ಮಾಡುವ ಇನ್ನೊಂದು ರಾಸಾಯನಿಕ ಟೈಲಾಕ್ಸಪಾಲಿಗೆ ಬದಲಾಯಿಸಿದ ಮೇಲೆ ಸರಿಹೋಯಿತು. ಅದನ್ನು ಬ್ಯಾಕ್ಟೀರಿಯಾ ಜೀರ್ಣಿಸಿಕೊಳ್ಳುವುದಿಲ್ಲ.

ಆದರೆ ಓದುವಾಗ ಒಂದು ಸಿಕ್ಕು ಬರುತ್ತದೆ. ಕ್ಯೂಪಿಸಿಆರ್‌ನಲ್ಲಿ ಯಾವ ಜೀನನ್ನು ಅಳೆದರೂ ಸ್ಥಿರವಾಗಿರುವ ಇನ್ನೊಂದರ ಜೊತೆ ಹೋಲಿಸಬೇಕು, ಸಾಮಾನ್ಯವಾಗಿ ಸಿಗ್‌ಎ ಜೊತೆ. ಹಸಿದ ಬ್ಯಾಕ್ಟೀರಿಯಾದಲ್ಲಿ ರೈಬೋಸೋಮ್, ಶಕ್ತಿ ಉತ್ಪಾದನೆ ಎಲ್ಲದರ ಜೀನುಗಳೂ ಇಳಿಯುತ್ತವೆ, ಒಟ್ಟು ಆರ್‌ಎನ್‌ಎಯೇ ಕುಸಿಯುತ್ತದೆ. ಸಂತೆಯಲ್ಲಿ ತಕ್ಕಡಿಯ ಬಟ್ಟೇ ಸವೆಯುತ್ತಿದ್ದರೆ ತೂಕ ಯಾರನ್ನು ನಂಬಿ ಹೇಳುವುದು? ಸಾಲದ್ದಕ್ಕೆ, ಬೆಳವಣಿಗೆ ನಿಂತಾಗ ಎಂಆರ್‌ಎನ್‌ಎ ಬೇಗ ಕೊಳೆಯುವುದೂ ಇಲ್ಲ. "ಈ ಜೀನ್ ಏರಿದೆ" ಎಂದು ನಾನು ಬರೆದದ್ದರಲ್ಲಿ ಕೆಲವು ಹೊಸದಾಗಿ ತಯಾರಾದದ್ದಲ್ಲ, ಹಳೆಯದೇ ಕರಗದೆ ಉಳಿದದ್ದು ಇರಬಹುದು. ಈಗ ಬ್ಯಾಕ್ಟೀರಿಯಾದ ಎಣಿಕೆಗೂ ಹೋಲಿಸಿ ಬರೆಯುತ್ತೇನೆ. ಕೆಲಸ ದುಪ್ಪಟ್ಟು. ಶ್ವಾಸಕೋಶದೊಳಗೆ ಇಷ್ಟು ಶುದ್ಧ ಉಪವಾಸ ಎಲ್ಲಿ ಸಿಗುತ್ತದೆ ಎನ್ನುವುದೂ ನನಗೆ ಅನುಮಾನವೇ. ಅಲ್ಲಿ ಕೊಬ್ಬಾದರೂ ಉಂಟಲ್ಲ.

ಇನ್ನು ನನ್ನನ್ನು ಮಂಗ ಮಾಡಿದ್ದು, ಆಮ್ಲದ ಬಾಟಲಿ. ಮ್ಯಾಕ್ರೋಫೇಜಿನ ಚೀಲದ ಆಮ್ಲೀಯತೆಯನ್ನು ಅನುಕರಿಸಲು 7ಎಚ್9 ಮಾಧ್ಯಮವನ್ನು ಪಿಎಚ್ 5.7ಕ್ಕೆ ಇಳಿಸುವುದು, ಅಷ್ಟೇ. ನಾಲ್ಕರಲ್ಲಿ ಇದಕ್ಕಿಂತ ಸುಲಭದ್ದಿಲ್ಲ, ಎರಡು ದಿನದಲ್ಲಿ ಮುಗಿಯುತ್ತದೆ. ಇಲ್ಲೂ ಟ್ವೀನ್ 80 ಬೇಡ. ಆಮ್ಲದಲ್ಲಿ ಅದರಿಂದ ಬಿಡುಗಡೆಯಾಗುವ ಓಲಿಕ್ ಆಮ್ಲವೇ ವಿಷವಾಗಿ, ಬ್ಯಾಕ್ಟೀರಿಯಾ ಪಿಎಚ್‌ಗೆ ಸತ್ತಿತೋ ಟ್ವೀನಿಗೆ ಸತ್ತಿತೋ ತಿಳಿಯದ ಹಾಗಾಗುತ್ತದೆ. ಅಷ್ಟು ಓದಿಕೊಂಡೇ ಹೋಗಿದ್ದೆ. ಆಮ್ಲಕ್ಕೆ ಏಳಬೇಕಾದ ಎಪಿಆರ್‌ಎ ಎಂಬ ಜೀನ್ ಏಳಲೇ ಇಲ್ಲ. ಬಫರ್ ಬದಲಿಸಿದೆ, ಪ್ರೈಮರ್ ಹೊಸತು ತರಿಸಿದೆ, ಪಿಎಚ್ ಮೀಟರಿಗೆ ಬೈದೆ. ಎರಡು ತಿಂಗಳು.

ಕೊನೆಗೆ ಗೊತ್ತಾದದ್ದು, ಗಡಿಬಿಡಿ ಬಾಟಲಿಯದ್ದಲ್ಲ, ತಳಿಯದ್ದು. ಆಮ್ಲದ ಸುದ್ದಿ ತಿಳಿದು ಎಪಿಆರ್‌ಎ ಮುಂತಾದ ಜೀನುಗಳನ್ನು ಎಬ್ಬಿಸುವುದು ಫೋಪಿ ಎಂಬ ಪ್ರೋಟೀನ್. ಎಚ್37ಆರ್‌ಎಯಲ್ಲಿ ಈ ಫೋಪಿಯ 219ನೇ ಸ್ಥಾನದಲ್ಲಿ ಸೆರಿನ್ ಹೋಗಿ ಲ್ಯೂಸಿನ್ ಬಂದಿದೆ, ಅದೂ ಡಿಎನ್‌ಎಗೆ ಅಂಟಿಕೊಳ್ಳುವ ಭಾಗದಲ್ಲಿಯೇ. ಒಂದೇ ಒಂದು ಅಮೈನೋ ಆಮ್ಲ. ಅದು ಸಾಧುವಾಗಿರುವುದಕ್ಕೆ ದೊಡ್ಡ ಕಾರಣಗಳಲ್ಲಿ ಇದೂ ಒಂದು. ಕಿವುಡನ ಮನೆಯ ಮುಂದೆ ಎರಡು ತಿಂಗಳು ಡೋಲು ಬಡಿದು, ಡೋಲಿನ ಚರ್ಮ ಸರಿಯಿಲ್ಲ ಎಂದು ನಾನು ದೂರುತ್ತಿದ್ದೆ. ಗೈಡಿಗೆ ಹೇಳಿದಾಗ ಅವರು ನಕ್ಕು, "ಅದು 2008ರಿಂದ ಪೇಪರುಗಳಲ್ಲಿ ಉಂಟಲ್ಲ" ಎಂದರು. ಇದನ್ನು ಮೊದಲೇ ಹೇಳಬಹುದಿತ್ತು ಎಂದು ನನಗೆ ಈಗಲೂ ಹೊಟ್ಟೆಯುರಿ.

ನಾಲ್ಕನೆಯದು ಕೋಶದೊಳಗೇ ಬಿಡುವುದು. ಟಿಎಚ್‌ಪಿ-1 ಎಂಬ ಮನುಷ್ಯ ಮೂಲದ ರಕ್ತಕ್ಯಾನ್ಸರ್ ಕೋಶಗಳನ್ನು ಪಿಎಂಎ ಎಂಬ ರಾಸಾಯನಿಕ ಕೊಟ್ಟು ಮ್ಯಾಕ್ರೋಫೇಜಿನ ಥರ ಮಾಡಿ, ಬ್ಯಾಕ್ಟೀರಿಯಾ ನುಂಗಿಸಿ, ನಾಲ್ಕು ಗಂಟೆ ಬಿಟ್ಟು ಹೊರಗುಳಿದದ್ದನ್ನು ತೊಳೆದುಬಿಡುವುದು. ಇಲ್ಲಿ ನಾವು ಯಾವ ಸುಳ್ಳನ್ನೂ ಆರಿಸಿಕೊಡುವುದಿಲ್ಲ. ಕೋಶವೇ ತನ್ನ ಲೆಕ್ಕದಲ್ಲಿ ಎಲ್ಲ ಕಷ್ಟಗಳನ್ನೂ ಬೆರೆಸಿ ಕೊಡುತ್ತದೆ. ಕಬ್ಬಿಣಾಂಶ ಹಿಡಿಯುವ ಎಂಬಿಟಿಬಿ, ಕೊಬ್ಬು ತಿನ್ನಲು ಬೇಕಾದ ಐಸಿಎಲ್1, ಡಾಸ್‌ಆರ್ ಗುಂಪಿನ ಎಚ್‌ಎಸ್‌ಪಿಎಕ್ಸ್, ಮೂರೂ ಒಂದೇ ಸ್ಯಾಂಪಲಿನಲ್ಲಿ ಮೇಲೆ ಬಂದದ್ದನ್ನು ಕಂಡ ದಿನ ಖುಷಿಗೆ ಲ್ಯಾಬಿನವರಿಗೆಲ್ಲ ಗಡ್‌ಬಡ್ ಐಸ್‌ಕ್ರೀಮ್ ಕೊಡಿಸಿದ್ದೆ. ಮುಚ್ಚಿದ ಟ್ಯೂಬ್ ಒಂದು ವಾದ್ಯ ಕೇಳಿಸಿದರೆ ಇದು ಇಡೀ ಮೇಳ.

ಆ ದಿನ ಬರಲು ಮಾತ್ರ ಏಳು ತಿಂಗಳು ಹಿಡಿಯಿತು. ಸೋಂಕಿತ ಕೋಶದಿಂದ ತೆಗೆದ ಆರ್‌ಎನ್‌ಎಯಲ್ಲಿ ಬಹುಪಾಲು ಮನುಷ್ಯನದ್ದು, ಬ್ಯಾಕ್ಟೀರಿಯಾದ್ದು ಚಿಟಿಕೆಯಷ್ಟು. ಗ್ವಾನಿಡಿನ್ ಥಯೋಸಯನೇಟ್ ಹಾಕಿದರೆ ಮನುಷ್ಯ ಕೋಶ ಒಡೆಯುತ್ತದೆ, ಬ್ಯಾಕ್ಟೀರಿಯಾದ ದಪ್ಪ ಮೇಣದ ಗೋಡೆ ಒಡೆಯುವುದಿಲ್ಲ. ಹಾಗೆ ಬ್ಯಾಕ್ಟೀರಿಯಾವನ್ನು ಕೆಳಗಿಳಿಸಿ, ಆಮೇಲೆ ಮಣಿಗಳ ಜೊತೆ ಕುಲುಕಿ ಒಡೆಯಬೇಕು. ಕೇಳಲು ಸಲೀಸು. ಕೆಲವು ಸಲ ಟ್ಯೂಬಿನ ತಳದಲ್ಲಿ ಕಣ್ಣಿಗೆ ಕಾಣುವಂಥದ್ದು ಏನೂ ಇರುವುದಿಲ್ಲ, ಇದೆ ಎಂಬ ನಂಬಿಕೆಯ ಮೇಲೆ ಮುಂದುವರಿಯಬೇಕು. ಇದರಲ್ಲೂ ಕೊರತೆ ಇಲ್ಲದಿಲ್ಲ. ಇಲಿಯ ಮ್ಯಾಕ್ರೋಫೇಜ್ ಬ್ಯಾಕ್ಟೀರಿಯಾದ ಮೇಲೆ ನೈಟ್ರಿಕ್ ಆಕ್ಸೈಡನ್ನು ಧಾರಾಳ ಉಗುಳುತ್ತದೆ, ಟಿಎಚ್‌ಪಿ-1 ಹಾಗೆ ಉಗುಳುವುದಿಲ್ಲ. ಫೋಪಿ ಕೆಟ್ಟಿರುವ ಎಚ್37ಆರ್‌ಎ ಇಎಸ್‌ಎಟಿ-6 ಎಂಬ ಪ್ರೋಟೀನನ್ನು ಹೊರಹಾಕಲಾರದು, ಹಾಗಾಗಿ ಒಳಗೆ ಅದರ ನಡೆ ಆರ್‌ವಿಯಂತಿರುವುದಿಲ್ಲ.

ಅಂತೂ ನನ್ನ ಅಭಿಪ್ರಾಯ ಕೇಳಿದರೆ: ಎಂಎಸ್ಸಿ ಪ್ರಾಜೆಕ್ಟಿಗೆ ಆರು ತಿಂಗಳಷ್ಟೇ ಇದ್ದರೆ ಮುಚ್ಚಿದ ಟ್ಯೂಬ್, ಕಣ್ಣು ಮುಚ್ಚಿ. ಬ್ಯಾಕ್ಟೀರಿಯಾ ಆ ಸುಳ್ಳನ್ನು ನಂಬುತ್ತದೆ, ನಂಬಿದ್ದು ಬಣ್ಣದಲ್ಲೇ ಕಾಣುತ್ತದೆ. ಪಿಎಚ್‌ಡಿಯ ಮಟ್ಟಕ್ಕೆ ಕೋಶದ ಮಾಡೆಲ್ ಬೇಕೇ ಬೇಕು, ಆದರೆ ಟ್ಯೂಬಿನಲ್ಲಿ ಕೈ ಪಳಗಿದ ಮೇಲೆ. ಕೋಶದಲ್ಲಿ ಎಚ್‌ಎಸ್‌ಪಿಎಕ್ಸ್ ಏರಿದ್ದು ಕಂಡರೆ ಅದು ಉಸಿರಿನ ಬರಕ್ಕೋ ನೈಟ್ರಿಕ್ ಆಕ್ಸೈಡಿಗೋ ಎಂದು ಬಿಡಿಸಲು ಆ ಟ್ಯೂಬೇ ಬೇಕಾಗುತ್ತದೆ. ಎರಡಕ್ಕೂ ಡಾಸ್‌ಆರ್ ಏಳುತ್ತದೆ. ಉಪವಾಸದ್ದನ್ನು ಔಷಧಿ ಪರೀಕ್ಷೆಗೆ ಇಟ್ಟುಕೊಳ್ಳಿ, ಜೀನಿನ ಲೆಕ್ಕಕ್ಕೆ ನಾನು ಒತ್ತಾಯ ಮಾಡುವುದಿಲ್ಲ.

ಆಮ್ಲದ ಮಾಧ್ಯಮ ಅರ್ಧ ಲೀಟರ್ ಉಳಿದಿದೆ. ಬಿಎಸ್‌ಎಲ್-3 ಇರುವ ಕಡೆ ಆರ್‌ವಿ ಜೊತೆ ಕೆಲಸಕ್ಕೆ ಜಾಗ ಸಿಕ್ಕಿದರೆ ಹೊಸತು ಮಾಡಿಕೊಂಡೇ ಹೋಗುತ್ತೇನೆ, ಆದರೂ ಆ ಬಾಟಲಿಯನ್ನು ಚೆಲ್ಲಲು ಮನಸ್ಸಾಗಿಲ್ಲ. ಕೋಲ್ಡ್ ರೂಮಿನ ಕೆಳಗಿನ ಶೆಲ್ಫಿನಲ್ಲಿ ಕೂತಿದೆ, ಮೇಲೆ ನನ್ನದೇ ಅಕ್ಷರದಲ್ಲಿ ಚೀಟಿ: ಪಿಎಚ್ 5.7, ಆರ್‌ಎಗೆ ಹಾಕಬೇಡಿ.