ವ್ಯಾಕ್ಯೂಮ್ ಕ್ಲೀನರ್‌ಗೆ ಸುವಾಸನೆಯ ಎಣ್ಣೆ, ಪುಡಿ ಹಾಕುವ ಮುಂಚೆ ಇದನ್ನು ಓದಿ

ವ್ಯಾಕ್ಯೂಮ್ ಕ್ಲೀನರ್ ಜೊತೆ ಯಾರಾದರೂ ಬಿಟ್ಟಿಯಾಗಿ ಸುವಾಸನೆಯ ಬಾಟಲಿ ಕೊಟ್ಟರೆ ಬೇಡ ಅಂದುಬಿಡಿ. ನಮಗೆ ಕೊಟ್ಟಿದ್ದರು. ಮಷೀನ್ ತೋರಿಸೋಕೆ ಬಂದ ಹುಡುಗ ಲ್ಯಾವೆಂಡರ್ ಎಣ್ಣೆಯ ಪುಟ್ಟ ಬಾಟಲಿ, ಜೊತೆಗೆ ಕಾರ್ಪೆಟ್ ಮೇಲೆ ಉದುರಿಸುವ ಪರಿಮಳದ ಪುಡಿಯ ಡಬ್ಬಿ ಎರಡನ್ನೂ ಟೇಬಲ್ ಮೇಲಿಟ್ಟ. "ಫಿಲ್ಟರ್ ಮೇಲೆ ನಾಲ್ಕೈದು ಹನಿ ಹಾಕಿ ಸಾರ್, ಗುಡಿಸಿದ ಹಾಗೂ ಆಯ್ತು, ಮನೆಯೆಲ್ಲ ಘಮಘಮ ಅಂದ ಹಾಗೂ ಆಯ್ತು" ಅಂತ ತಾನೇ ಹಾಕಿ ತೋರಿಸಿದ. ನಿಜವಾಗಿಯೂ ಘಮಘಮ ಅಂತು. ಮಷೀನಿನ ಹಿಂದಿನಿಂದ ಬರುವ ಬೆಚ್ಚಗಿನ ಗಾಳಿ ಎಣ್ಣೆಯನ್ನು ಬೇಗ ಆವಿ ಮಾಡುತ್ತೆ, ಒಂದು ರೂಮಿನಲ್ಲಿ ಓಡಿಸಿದರೆ ಮೂರು ರೂಮಿಗೆ ವಾಸನೆ ಹೋಗುತ್ತೆ. ಈ ಉಪಾಯ ಇಷ್ಟು ಜನಪ್ರಿಯ ಆಗಿರೋದು ಅದಕ್ಕೇ.

ವಾರಂಟಿ ಮುಗಿಯುವ ಮುಂಚೆಯೇ ಮೋಟಾರ್ ಸುಟ್ಟಿತು. ರಿಪೇರಿಗೆ ಅಂತ ಕೊಟ್ಟರೆ, "ಫಿಲ್ಟರ್‌ನಲ್ಲಿ ಎಣ್ಣೆ, ಪುಡಿ ಸಿಕ್ಕಿದೆ. ಇದು ತಪ್ಪು ಬಳಕೆ. ವಾರಂಟಿ ಬರಲ್ಲ" ಅಂತ ಚೀಟಿ ಬರೆದು ಕೈಗೆ ಕೊಟ್ಟರು. ಹಾಕಿ ಅಂದವರೂ ಅವರೇ, ಯಾಕೆ ಹಾಕಿದ್ರಿ ಅಂದವರೂ ಅವರೇ! ಕೇಳಿದರೆ ಮಾರಾಟದವರು ಬೇರೆ, ಸರ್ವಿಸ್‌ನವರು ಬೇರೆ ಅಂತೆ. ಬಾಟಲಿ ಕೊಟ್ಟಿದ್ದಕ್ಕೆ ಬಿಲ್ಲಿನಲ್ಲಿ ಒಂದು ಅಕ್ಷರವೂ ಇರಲಿಲ್ಲ. ಬಾಯಿಮಾತಿಗೆ ಬೆಲೆ ಇಲ್ಲ ಅಂತ ಗೊತ್ತಾಗಿದ್ದು ಆಗಲೇ. ಕೈಪಿಡಿಯ ಸಣ್ಣ ಅಕ್ಷರದಲ್ಲಿ ಮಾತ್ರ ಸ್ಪಷ್ಟವಾಗಿ ಬರೆದಿತ್ತು: ನುಣ್ಣನೆಯ ಪುಡಿ ಎಳೆಯಬಾರದು, ಬೆಂಕಿ ಹತ್ತುವ ದ್ರವ ಎಳೆಯಬಾರದು. ಇದು ಒಂದೇ ಕಂಪನಿಯ ನಿಯಮ ಅಲ್ಲ. ಮನೆಬಳಕೆಯ ಬಹುತೇಕ ಮಷೀನ್‌ಗಳ ಕೈಪಿಡಿಯಲ್ಲಿ ಹೀಗೇ ಇರುತ್ತೆ. ನಿಮ್ಮದನ್ನು ಒಮ್ಮೆ ತೆಗೆದು ನೋಡಿ.

ಸರ್ವಿಸ್‌ನವರು ಮಷೀನ್ ಬಿಚ್ಚಿದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಆ ಫಿಲ್ಟರ್ ನೋಡಬೇಕಿತ್ತು ನೀವು. ಮಡಿಕೆ ಮಡಿಕೆಯಾಗಿ ಇರಬೇಕಾದ ಬಿಳಿ ಕಾಗದದಂಥದ್ದು, ಮಡಿಕೆಯೇ ಕಾಣದ ಹಾಗೆ ಬೂದು ಬಣ್ಣದ ಮೆತ್ತಿನಲ್ಲಿ ಮುಚ್ಚಿಹೋಗಿತ್ತು. ಸ್ಕ್ರೂಡ್ರೈವರ್ ತುದಿಯಲ್ಲಿ ಕೆರೆದರೆ ಹಕ್ಕಳೆ ಹಕ್ಕಳೆಯಾಗಿ ಏಳುತ್ತಿತ್ತು. ಧೂಳು, ಕೂದಲು, ಪುಡಿ ಮೂರನ್ನೂ ಎಣ್ಣೆ ಕಲಸಿ ಅಂಟಿಸಿತ್ತು. ಮಷೀನಿನಲ್ಲಿ ಧೂಳು ತುಂಬುವ ಡಬ್ಬಿಯ ಬಾಯಿಯ ರಬ್ಬರ್ ಉಂಗುರ ಉಬ್ಬಿ ತನ್ನ ಜಾಗದಿಂದ ಅರ್ಧ ಹೊರಗೆ ಬಂದಿತ್ತು. ಫಿಲ್ಟರ್ ಹಿಡಿಯುವ ಪ್ಲಾಸ್ಟಿಕ್ ಕೊಂಡಿಯಲ್ಲಿ ಕೂದಲೆಳೆಯಂಥ ಬಿರುಕು. ಬಿಚ್ಚಿದವರೇ, "ಎಣ್ಣೆ ಹಾಕಿದ ಮಷೀನ್‌ಗಳಲ್ಲಿ ಇದನ್ನ ಜಾಸ್ತಿ ನೋಡ್ತೀವಿ ಸಾರ್" ಅಂದರು. ಆಮೇಲೆ ಅವರೇ ಆ ಚೀಟಿ ಬರೆದರು ಅನ್ನೋದು ಬೇರೆ ಮಾತು.

ಒಳಗೆ ಏನಾಗುತ್ತೆ ಅಂತ ಹೇಳ್ತೀನಿ. ಮನೆಯ ಸಾಮಾನ್ಯ ವ್ಯಾಕ್ಯೂಮ್ ಕ್ಲೀನರ್‌ಗಳಲ್ಲಿ ಹೆಚ್ಚಿನವಕ್ಕೆ ಮೋಟಾರ್ ತಣ್ಣಗಾಗೋಕೆ ಬೇರೆ ವ್ಯವಸ್ಥೆ ಇರೋದಿಲ್ಲ. ನೆಲದಿಂದ ಎಳೆದ ಗಾಳಿಯೇ ಫಿಲ್ಟರ್ ದಾಟಿ ಮೋಟಾರ್ ಮೇಲೆ ಹಾದು ಅದನ್ನು ತಂಪು ಮಾಡಿ ಹಿಂದಿನಿಂದ ಹೊರಗೆ ಹೋಗುತ್ತೆ. ಫಿಲ್ಟರ್ ಕಟ್ಟಿಕೊಂಡರೆ ಗಾಳಿ ಇಲ್ಲ, ಗಾಳಿ ಇಲ್ಲದಿದ್ದರೆ ಮೋಟಾರ್ ಕಾಯುತ್ತೆ. ಇದರ ಮೊದಲ ಸುಳಿವು ಶಬ್ದ. ಮಷೀನ್ ಮಾಮೂಲಿಗಿಂತ ಕೀರಲು ದನಿಯಲ್ಲಿ ಕೂಗೋಕೆ ಶುರು ಮಾಡುತ್ತೆ. ತಳ್ಳಬೇಕಾದ ಗಾಳಿ ಕಡಿಮೆಯಾದಾಗ ಮೋಟಾರ್ ಇನ್ನೂ ಜೋರಾಗಿ ತಿರುಗುತ್ತೆ, ಅದಕ್ಕೆ. ಕೇಳುವವರಿಗೆ ಶಕ್ತಿ ಜಾಸ್ತಿಯಾದ ಹಾಗೆ ಅನ್ನಿಸಬಹುದು. ಆದರೆ ಆಗಿರೋದು ಉಲ್ಟಾ. ಎರಡನೇ ಸುಳಿವು, ಕೆಲಸದ ಮಧ್ಯೆ ತಾನಾಗಿ ನಿಲ್ಲೋದು. ಬಿಸಿ ಮಿತಿ ಮೀರಿದಾಗ ಕರೆಂಟ್ ಕಡಿಯುವ ಒಂದು ಸ್ವಿಚ್ ಎಷ್ಟೋ ಮಷೀನಿನ ಒಳಗಿರುತ್ತೆ. ಸ್ವಲ್ಪ ಹೊತ್ತು ಬಿಟ್ಟರೆ ತಣ್ಣಗಾಗಿ ಮತ್ತೆ ಓಡುತ್ತೆ. "ಸರಿಹೋಯ್ತು ಬಿಡು" ಅಂತ ಅನ್ನಿಸೋದು ಇಲ್ಲೇ.

ಮೂರನೆಯ ಸುಳಿವು ವಾಸನೆ. ನನ್ನ ಸಿಟ್ಟು ಇರೋದು ಮುಖ್ಯವಾಗಿ ಇದರ ಮೇಲೆ. ಕಾದ ತಂತಿ, ಜಾರುತ್ತಿರುವ ಬೆಲ್ಟಿನ ರಬ್ಬರ್, ಒಳಗೆ ಒದ್ದೆಯಾಗಿ ಕೂತ ಧೂಳಿನ ಮುಗ್ಗಲು, ಬ್ಯಾಗಿನಲ್ಲಿ ಕೊಳೆಯುತ್ತಿರುವ ಏನೋ ಒಂದು, ಇವೆಲ್ಲ ಮೊದಲು ಗೊತ್ತಾಗೋದು ಮೂಗಿಗೆ. ಮಷೀನ್ ತನ್ನ ಕಷ್ಟ ಹೇಳಿಕೊಳ್ಳೋದು ಹೀಗೇ ಅಲ್ವಾ? ಅದರ ಬಾಯಿಗೆ ನಾವೇ ಲ್ಯಾವೆಂಡರ್ ತುರುಕಿ ಮುಚ್ಚಿದರೆ? ನಮ್ಮ ಮಷೀನಿನಿಂದ ಕೊನೆಕೊನೆಗೆ ಒಂಥರಾ ಸಿಹಿಯಾದ ಸೀದ ವಾಸನೆ ಬರುತ್ತಿತ್ತು. ಎಣ್ಣೆ ಹಳೆಯದಾಗಿರಬೇಕು ಅಂತ ಮನೆಯವರೆಲ್ಲ ಅಂದುಕೊಂಡರು. ಅದು ಮೋಟಾರ್.

ಇನ್ನೊಂದು ವಿಷಯ. ಮೂಗು ಒಂದೇ ವಾಸನೆಗೆ ಬಹಳ ಬೇಗ ಒಗ್ಗಿಹೋಗುತ್ತೆ. ನಾಲ್ಕು ಹನಿ ಕೆಲವೇ ದಿನಗಳಲ್ಲಿ ಏನೂ ಅನ್ನಿಸಲ್ಲ. ಆಗ ಎಂಟು ಹನಿ. ಆಮೇಲೆ ಹತ್ತಿ ಉಂಡೆ ನೆನೆಸಿ ಇಡೋದು. ಹೊರಗಿನಿಂದ ಬಂದ ನೆಂಟರು ಬಾಗಿಲಲ್ಲೇ ಮೂಗು ಮುಚ್ಚಿಕೊಂಡರೂ ನಮಗೆ ಮಾತ್ರ "ವಾಸನೆಯೇ ಇಲ್ವಲ್ಲ" ಅನ್ನಿಸುತ್ತೆ.

ಬೆಂಕಿಯ ಮಾತು. ಎರಡು ಹನಿ ಹಾಕಿದ ತಕ್ಷಣ ಮನೆ ಹೊತ್ತಿಕೊಳ್ಳುತ್ತೆ ಅಂತ ಹೆದರಿಸೋಕೆ ನಾನು ಬಂದಿಲ್ಲ. ಆದರೆ ಇವು ಅಡುಗೆ ಎಣ್ಣೆಯ ಥರದ ಎಣ್ಣೆಗಳಲ್ಲ, ಸುಲಭವಾಗಿ ಉರಿಯುವ ದ್ರವಗಳು. ನಿಂಬೆ, ಕಿತ್ತಳೆ ಸಿಪ್ಪೆಯ ಎಣ್ಣೆಯಲ್ಲಿ ತುಂಬಿರುವ ಲಿಮೋನೀನ್ ಅನ್ನುವ ಅಂಶ ಸುಮಾರು 48 ಡಿಗ್ರಿ ಸೆಲ್ಸಿಯಸ್‌ಗೇ ಕಿಡಿ ಸೋಕಿದರೆ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತೆ. ನೀಲಗಿರಿ ಎಣ್ಣೆಯೂ ಹೆಚ್ಚುಕಡಿಮೆ ಹಾಗೇ. ಕಟ್ಟಿಕೊಂಡ ಮಷೀನಿನ ಮೋಟಾರ್ ಈ ಬಿಸಿಯನ್ನು ಸುಲಭವಾಗಿ ದಾಟುತ್ತೆ. ತಂತಿ ಇರುವ ಎಷ್ಟೋ ಮಷೀನ್‌ಗಳ ಮೋಟಾರಿನಲ್ಲಿ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಇರುತ್ತೆ, ಮೋಟಾರ್ ತಿರುಗುವಾಗ ಅಲ್ಲಿ ಸಣ್ಣ ಕಿಡಿ ಹಾರೋದು ಸಹಜ. ನೆನೆದ ಹತ್ತಿ, ಒಣ ಧೂಳು, ಬಿಸಿ, ಕಿಡಿ. ಇವೆಲ್ಲ ಒಂದೇ ಡಬ್ಬಿಯಲ್ಲಿ ಸೇರೋದು ನನಗಂತೂ ಬೇಡ.

ಪ್ಲಾಸ್ಟಿಕ್ ಬಿರುಕು ಬಿಟ್ಟಿದ್ದು ಈ ಎಣ್ಣೆಗಳ ಇನ್ನೊಂದು ಗುಣದಿಂದ, ಕರಗಿಸುವ ಗುಣದಿಂದ. ಸಿಪ್ಪೆಯ ಎಣ್ಣೆಗಳು ಥರ್ಮೋಕೋಲನ್ನು ಕರಗಿಸಿಬಿಡುತ್ತವೆ, ಬೇಕಿದ್ದರೆ ಒಂದು ಚೂರಿನ ಮೇಲೆ ಕಿತ್ತಳೆ ಎಣ್ಣೆ ಬಿಟ್ಟು ನೋಡಿ. ಮಷೀನಿನ ಗಟ್ಟಿ ಪ್ಲಾಸ್ಟಿಕ್ ಅಷ್ಟು ಬೇಗ ಕರಗಲ್ಲ, ಆದರೆ ಬಿಗಿಯಾಗಿ ಕೂತ ಜಾಗದಲ್ಲಿ ನಿಧಾನವಾಗಿ ಸೀಳುತ್ತೆ. ರಬ್ಬರ್ ಉಬ್ಬಿದರೆ ಡಬ್ಬಿ ಸರಿಯಾಗಿ ಮುಚ್ಚಲ್ಲ, ಫಿಲ್ಟರ್ ದಾಟದೆಯೇ ಧೂಳು ಹೊರಗೆ ಬರುತ್ತೆ. ನುಣುಪಾದ ಧೂಳನ್ನು ವಿದ್ಯುತ್ ಚಾರ್ಜಿನಿಂದ ಹಿಡಿಯುವ ಫಿಲ್ಟರ್‌ಗಳೂ ಇವೆ. ಎಣ್ಣೆ ಸೋಕಿದರೆ ಆ ಚಾರ್ಜ್ ಹೋಗುತ್ತೆ. ನೋಡೋಕೆ ಫಿಲ್ಟರ್ ಚೆನ್ನಾಗೇ ಇರುತ್ತೆ, ಹಿಡಿಯೋದು ಮಾತ್ರ ಕಡಿಮೆ.

"ನಮ್ಮದು ಹೆಪಾ ಫಿಲ್ಟರ್, ಏನೂ ಹೊರಗೆ ಬರಲ್ಲ" ಅನ್ನುವವರಿದ್ದಾರೆ. ಹೆಪಾ ಅಂದರೆ ಅತಿ ಸಣ್ಣ ಧೂಳು ಹಿಡಿಯುವ ಫಿಲ್ಟರ್, ಅದು ಹಿಡಿಯೋದು ಕಣಗಳನ್ನು. 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ 99.97 ಶೇಕಡಾ ಹಿಡಿಯಬೇಕು ಅನ್ನೋದು ಅಮೆರಿಕದಲ್ಲಿ ಅದಕ್ಕಿರುವ ಅಳತೆ. ಆವಿಯನ್ನು ಅದು ಹಿಡಿಯಲ್ಲ. ಹಿಡಿಯುವ ಹಾಗಿದ್ದರೆ ನಿಮಗೆ ಪರಿಮಳ ಬರುತ್ತಲೇ ಇರಲಿಲ್ಲವಲ್ಲ!

ನಮ್ಮ ಮನೆಯಲ್ಲಿ ಅಮ್ಮನಿಗೆ ಉಬ್ಬಸ ಇದೆ. ಗುಡಿಸಿದ ದಿನ ಸಂಜೆ ಎದೆ ಬಿಗಿ ಅನ್ನುತ್ತಿದ್ದರು, ಧೂಳೆದ್ದಿರಬೇಕು ಅಂತ ನಾವು. ಡಾಕ್ಟರು ಕೇಳಿದ ಮೊದಲ ಪ್ರಶ್ನೆಗಳಲ್ಲೇ ಒಂದು, "ಮನೆಯಲ್ಲಿ ಏನಾದ್ರೂ ಸೆಂಟು, ಸ್ಪ್ರೇ ಬಳಸ್ತೀರಾ?" ಗಾಢ ಪರಿಮಳ ಉಬ್ಬಸ ಕೆರಳಿಸೋದು ಹೊಸ ವಿಷಯವೇನಲ್ಲ. ಜೊತೆಗೆ ಲಿಮೋನೀನ್‌ನಂಥವು ಗಾಳಿಯಲ್ಲಿರುವ ಓಝೋನ್ ಜೊತೆ ಸೇರಿ ಕಣ್ಣು, ಗಂಟಲು ಕೆರಳಿಸುವ ಫಾರ್ಮಾಲ್ಡಿಹೈಡ್ ಆಗುತ್ತವೆ, ಬಹಳ ಸಣ್ಣ ಕಣಗಳೂ ಹುಟ್ಟುತ್ತವೆ. ಸಸ್ಯದಿಂದ ಬಂದದ್ದು, ನೈಸರ್ಗಿಕ ಅಂತ ಬಾಟಲಿ ಮೇಲೆ ಬರೆದ ಮಾತ್ರಕ್ಕೆ ಇದೇನೂ ತಪ್ಪೋದಿಲ್ಲ. ಎಣ್ಣೆ ನಿಲ್ಲಿಸಿದ ಮೇಲೆ ಅಮ್ಮನ ಗುಡಿಸುವ ದಿನದ ಕಾಟ ಕಡಿಮೆಯಾಯ್ತು.

ಬೆಕ್ಕು ಇರುವವರು ಇದನ್ನು ದಯವಿಟ್ಟು ಎರಡು ಸಲ ಓದಿ. ಇಂಥ ಎಣ್ಣೆಗಳ ಅಂಶಗಳನ್ನು ಕರಗಿಸಿ ಹೊರಹಾಕುವ ಒಂದು ಕಿಣ್ವ ಬೆಕ್ಕಿನ ಪಿತ್ತಜನಕಾಂಗದಲ್ಲಿ ಬಹಳ ಕಡಿಮೆ. ಕಾರ್ಪೆಟ್ ಮೇಲೆ ಓಡಾಡುತ್ತೆ, ಪಾದ ನೆಕ್ಕುತ್ತೆ, ಅಲ್ಲಿಗೆ ಎಣ್ಣೆ ಹೊಟ್ಟೆಗೆ ಹೋಯ್ತು. ಟೀ ಟ್ರೀ ಎಣ್ಣೆಯಂತೂ ಬೆಕ್ಕಿಗೂ ನಾಯಿಗೂ ವಿಷ. ಜೊಲ್ಲು ಸುರಿಸೋದು, ನಡೆಯುವಾಗ ತೂರಾಡೋದು, ನಡುಗೋದು ಕಂಡರೆ ಕಾಯಬೇಡಿ, ನೇರ ಪಶುವೈದ್ಯರ ಹತ್ತಿರ ಹೋಗಿ. ಪಂಜರದಲ್ಲಿ ಹಕ್ಕಿ ಸಾಕಿದವರು ಈ ಉಪಾಯದ ಹತ್ತಿರವೂ ಸುಳಿಯಬೇಡಿ, ಹಕ್ಕಿಗಳ ಶ್ವಾಸಕೋಶ ನಮ್ಮದಕ್ಕಿಂತ ತುಂಬ ಸೂಕ್ಷ್ಮ. ನೆಲದಲ್ಲಿ ಅಂಬೆಗಾಲಿಡುವ ಮಗು ಇದ್ದರೂ ಅಷ್ಟೇ, ಮಗುವಿನ ಕೈ ನೆಲದಿಂದ ನೇರ ಬಾಯಿಗೇ ಹೋಗೋದು.

ಎಣ್ಣೆ ಬೇಡ ಅಂದರೆ ಕೆಲವರು ಡಸ್ಟ್ ಬ್ಯಾಗಿನಲ್ಲಿ ನುಸಿಗುಳಿಗೆ ಹಾಕಿ ಅನ್ನುತ್ತಾರೆ. ಇದು ಇನ್ನೂ ಕೆಟ್ಟದ್ದು. ಅದರಲ್ಲಿ ಹೆಚ್ಚಾಗಿ ಇರೋದು ನ್ಯಾಫ್ತಲೀನ್. ಜಿ6ಪಿಡಿ ಅಂದರೆ ಕೆಂಪು ರಕ್ತಕಣಗಳನ್ನು ಕಾಪಾಡುವ ಒಂದು ಕಿಣ್ವ; ಅದರ ಕೊರತೆ ಇರುವ ಮಕ್ಕಳ ರಕ್ತಕಣಗಳನ್ನು ನ್ಯಾಫ್ತಲೀನ್ ಆವಿ ಒಡೆಯಬಹುದು. ಆ ಕೊರತೆ ಇದೆ ಅಂತ ಎಷ್ಟೋ ಮನೆಯಲ್ಲಿ ಗೊತ್ತೇ ಇರಲ್ಲ.

ಪುಡಿಯ ವಿಷಯಕ್ಕೆ ಬರೋಣ. ಅಡುಗೆ ಸೋಡಾಕ್ಕೆ ಎಣ್ಣೆ ಬೆರೆಸಿ ಉದುರಿಸೋದು, ಟಾಲ್ಕಂ ಪೌಡರ್ ಚೆಲ್ಲೋದು, ಅಂಗಡಿಯ ಪರಿಮಳದ ಪುಡಿ, ಎಲ್ಲದರ ಕಥೆ ಒಂದೇ. ಉದುರಿಸಿದ್ದರಲ್ಲಿ ಮೇಲಿನದು ಮಾತ್ರ ಮಷೀನಿಗೆ ಬರುತ್ತೆ. ಉಳಿದದ್ದು ಕಾರ್ಪೆಟ್ಟಿನ ಬುಡಕ್ಕೆ ಇಳಿದು ಕೂರುತ್ತೆ, ತೇವ ಸಿಕ್ಕರೆ ಗಟ್ಟಿಯಾಗುತ್ತೆ. ಸೋಡಾ ಕ್ಷಾರ, ಉಣ್ಣೆಯ ಕಾರ್ಪೆಟ್ಟಿಗೆ ಒಳ್ಳೆಯದಲ್ಲ. ನಮ್ಮದರಲ್ಲಿ ಕಿಟಕಿ ಪಕ್ಕದ ಜಾಗದಲ್ಲಿ ಎಣ್ಣೆ ಕಲೆ ಹಾಗೇ ಇದೆ, ಅದರ ಮೇಲೆ ಧೂಳು ಅಂಟಿ ದಿನದಿನಕ್ಕೆ ಕಪ್ಪಾಗುತ್ತಿದೆ.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಕೆಲವು ಕಂಪನಿಗಳು ತಮ್ಮದೇ ಮಷೀನಿಗೆ ಅಂತ ಸುವಾಸನೆಯ ಒಣ ಗುಳಿಗೆ, ಕಡ್ಡಿ ಮಾಡುತ್ತವೆ. ಕೈಪಿಡಿಯಲ್ಲೇ ಅದಕ್ಕೆ ಜಾಗ ತೋರಿಸಿದ್ದರೆ ಮಷೀನ್ ಕೆಡುವ ಭಯ ಕಡಿಮೆ. ಉಬ್ಬಸ, ಬೆಕ್ಕಿನ ಮಾತು ಮಾತ್ರ ಅಲ್ಲೂ ಬದಲಾಗಲ್ಲ. ಕೈಪಿಡಿಯಲ್ಲಿ ಇಲ್ಲದ್ದನ್ನು ಮಾರುವವರು ಹಾಕಿ ಅಂದರೆ, ಅದನ್ನೇ ವಾರಂಟಿ ಕಾರ್ಡ್ ಮೇಲೆ ಬರೆದು ಸಹಿ ಹಾಕಿ ಅನ್ನಿ. ಬರೆಯಲ್ಲ, ನೋಡಿ ಬೇಕಿದ್ರೆ.

ಮಷೀನ್ ಓಡಿಸಿದಾಗ ಮನೆ ನಾರುತ್ತೆ ಅಂದರೆ ಕಾರಣ ಎಲ್ಲೋ ಒಳಗಿದೆ. ಬ್ಯಾಗ್ ತುಂಬಿ ತುಳುಕುವವರೆಗೆ ಬಿಡಬೇಡಿ, ಬದಲಾಯಿಸಿ. ಡಬ್ಬಿಯಾದರೆ ಸೋಪು ನೀರಿನಲ್ಲಿ ತೊಳೆದು ಒಣಗಿಸಿ. ಬ್ರಷ್ ರೋಲರಿಗೆ ಸುತ್ತಿಕೊಂಡ ಕೂದಲನ್ನು ಕತ್ತರಿಯಿಂದ ಕತ್ತರಿಸಿ ತೆಗೆಯಿರಿ, ಅರ್ಧ ನಾತ ಅಲ್ಲೇ ಇರುತ್ತೆ. ತೊಳೆಯಬಹುದು ಅಂತ ಬರೆದಿರುವ ಫಿಲ್ಟರನ್ನು ತೊಳೆದ ಮೇಲೆ ಪೂರ್ತಿ ಒಂದು ದಿನ ಗಾಳಿಗೆ ಇಡಿ. ಒದ್ದೆ ಫಿಲ್ಟರ್ ಹಾಕಿದರೆ ಬೂಷ್ಟು ಹಿಡಿದು ಮುಗ್ಗಲು ವಾಸನೆ ಗ್ಯಾರಂಟಿ. ಒದ್ದೆ ಕಸ ಎಳೆಯಬೇಡಿ. ಗುಡಿಸುವಾಗ ಕಿಟಕಿ ತೆಗೆದಿಡಿ. ಇಷ್ಟು ಮಾಡಿದರೆ ಮನೆಗೆ ಯಾವ ವಾಸನೆಯೂ ಇರಲ್ಲ, ನನಗೀಗ ಅದೇ ಹಿತ. ಪರಿಮಳ ಬೇಕೇಬೇಕು ಅನ್ನುವವರು ಗುಡಿಸಿ ಮುಗಿದ ಮೇಲೆ ಅದನ್ನು ಬೇರೆಯಾಗಿ ಮಾಡಿಕೊಳ್ಳಿ, ಮಷೀನಿನ ಮೂಲಕ ಬೇಡ.

ಈಗಾಗಲೇ ಎಣ್ಣೆ ಹಾಕಿಬಿಟ್ಟಿದ್ದೀರಾ? ಪ್ಲಗ್ ತೆಗೆದು, ಹತ್ತಿ ಇದ್ದರೆ ಹೊರಗೆ ಹಾಕಿ, ಬ್ಯಾಗ್ ಬಿಸಾಡಿ. ಎಣ್ಣೆ ಕುಡಿದ ಫಿಲ್ಟರ್ ನೀರಿಗೆ ಶುದ್ಧವಾಗಲ್ಲ, ಹೊಸದನ್ನೇ ಹಾಕಿ. ರಬ್ಬರ್ ಉಂಗುರ ಬೆರಳಿನಿಂದ ಒತ್ತಿ ನೋಡಿ. ಮೆತ್ತಗೆ ಅಂಟುತ್ತಿದ್ದರೆ ಅದೂ ಹೊಸದು ಬೇಕು. ಕಾರ್ಪೆಟ್ ಮೇಲೆ ಪುಡಿ ಚೆಲ್ಲಿದ್ದರೆ ಅದನ್ನು ಇದೇ ಮಷೀನಿನಲ್ಲಿ ಒಮ್ಮೆಲೇ ಎಳೆಯಬೇಡಿ. ಸಾಧ್ಯವಾದರೆ ಕಾರ್ಪೆಟ್ ಹೊರಗೆ ಒಯ್ದು, ಮಗುಚಿ ಹಾಕಿ, ಹಿಂದಿನಿಂದ ಬಡಿಯಿರಿ. ಸೀದ ವಾಸನೆ ಬಂದಿದ್ದರೆ, ಅಥವಾ ತಾನಾಗಿ ನಿಂತಿದ್ದರೆ, ಬಿಚ್ಚಿ ತೋರಿಸುವವರೆಗೂ ಆ ಮಷೀನಿನ ಪ್ಲಗ್ ಹಾಕಬೇಡಿ.