ಸಿಂಗಪುರ–ನ್ಯೂಯಾರ್ಕ್ ನೇರ ವಿಮಾನ: ದೂರ 15,349 ಕಿ.ಮೀ., ಹಾರುವುದು ಅದಕ್ಕಿಂತ ಹೆಚ್ಚು

ಸಿಂಗಪುರದ ಚಾಂಗಿ ವಿಮಾನ ನಿಲ್ದಾಣದಿಂದ ನ್ಯೂಯಾರ್ಕ್‌ನ ಜೆಎಫ್‌ಕೆ ನಿಲ್ದಾಣಕ್ಕೆ ದೂರ ಎಷ್ಟೆಂದು ಹುಡುಕಿದರೆ 15,349 ಕಿ.ಮೀ. ಎಂದು ಬರುತ್ತದೆ. ಗಂಟೆಗೆ 900ರಂತೆ ಭಾಗಿಸಿ, ಏರಿಳಿಯಲು ಅರ್ಧ ಗಂಟೆ ಸೇರಿಸಿದರೆ ಹದಿನೇಳೂವರೆ ಗಂಟೆ. ಸಿಂಗಪುರ ಏರ್‌ಲೈನ್ಸ್ ಟಿಕೆಟ್‌ನಲ್ಲಿ ಇರುವುದು ಹದಿನೆಂಟೂವರೆಯ ಮೇಲೆ. ಲೆಕ್ಕ ತಪ್ಪಿಲ್ಲ, ದಾರಿ ಬೇರೆ.

ಆ 15,349 ಭೂಗೋಳದ ಮೇಲೆ ದಾರ ಎಳೆದು ಹಿಡಿದ ದೂರ. ದಾರ ಉತ್ತರ ಧ್ರುವದ ಹತ್ತಿರ ಹಾಯುತ್ತದೆ. ವಿಮಾನ ಸಾಮಾನ್ಯವಾಗಿ ಪೆಸಿಫಿಕ್ ಕಡೆ ತಿರುಗಿ, ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಗಾಳಿಯನ್ನು ಬೆನ್ನಿಗೆ ಹಾಕಿಕೊಳ್ಳುತ್ತದೆ. 2018ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ಪಕ್ಕದ ನ್ಯೂವಾರ್ಕ್‌ಗೆ ಈ ಸೇವೆ ಶುರುವಾದಾಗ ಕಂಪನಿಯೇ ಹೇಳಿದ ದಾರಿ ಸುಮಾರು 16,700 ಕಿ.ಮೀ. ಗಾಳಿ ಚೆನ್ನಾಗಿದ್ದರೆ ಮುಕ್ಕಾಲು ಗಂಟೆ ಮೊದಲೇ ಇಳಿಯಬಹುದು. ಟಿಕೆಟ್‌ನ ಸಮಯ ಗೇಟಿನಿಂದ ಗೇಟಿಗೆ. ರನ್‌ವೇಗೆ ಕಾಯುವುದೂ ಅದರಲ್ಲೇ ಸೇರಿದೆ.

ಎಲ್ಲರೂ ಎಡವುವುದು ತಾರೀಖಿನಲ್ಲಿ. ಬೇಸಿಗೆಯಲ್ಲಿ ನ್ಯೂಯಾರ್ಕ್ 12 ಗಂಟೆ ಹಿಂದೆ, ಚಳಿಗಾಲದಲ್ಲಿ 13. ಸಿಂಗಪುರದಿಂದ ಮಧ್ಯರಾತ್ರಿ ಹೊರಟರೆ ಇಳಿಯುವಾಗ ಅಲ್ಲಿಯ ಗಡಿಯಾರದಲ್ಲಿ ಸುಮಾರು ಆರು ಗಂಟೆಯಷ್ಟೇ ಕಳೆದಿರುತ್ತದೆ, ಅಂದರೆ ಅದೇ ದಿನದ ಬೆಳಗಿನ ಜಾವ. ಹೋಟೆಲ್ ಕೋಣೆ ಸಿಗುವುದು ಮಧ್ಯಾಹ್ನ. ಹಿಂದಿನ ರಾತ್ರಿಯಿಂದಲೇ ಬುಕ್ ಮಾಡಿ, ಇಲ್ಲವೇ ಲಗೇಜ್ ಇಡಲು ಮೊದಲೇ ಕೇಳಿಕೊಳ್ಳಿ. ವಾಪಸು ಬರುವಾಗ ತಿರುಗುಮುರುಗು: ಮಂಗಳವಾರ ರಾತ್ರಿ ಹತ್ತೂವರೆಗೆ ಹತ್ತಿದವರು ಇಳಿಯುವುದು ಗುರುವಾರ ಬೆಳಗಿನ ಜಾವ. ಬುಧವಾರ ಎಂಬುದೇ ಮಾಯ. ಬುಧವಾರಕ್ಕೆ ಮುಂದಿನ ವಿಮಾನ ಕಾದಿರಿಸಿ ದುಡ್ಡು ಕಳೆದುಕೊಳ್ಳಬೇಡಿ.

ವಿಮಾನ ಏರ್‌ಬಸ್ ಎ350-900 ಯುಎಲ್‌ಆರ್, ಅಂದರೆ ಅತಿ ದೂರ ಹಾರಲೆಂದೇ ಮಾಡಿದ ಮಾದರಿ. ಇಂಧನ 1,65,000 ಲೀಟರ್ ಹಿಡಿಸುತ್ತದೆ. ಅಷ್ಟು ಭಾರ ಹೊರಲು ಸೀಟು 161ಕ್ಕೆ ಇಳಿದಿದೆ: ಬಿಸಿನೆಸ್ 67, ಪ್ರೀಮಿಯಂ ಎಕಾನಮಿ 94. ಸಾದಾ ಎಕಾನಮಿ ಇಲ್ಲವೇ ಇಲ್ಲ, ಹಾಗಾಗಿ ಅಗ್ಗದ ಟಿಕೆಟ್ ಹುಡುಕುವವರಿಗೆ ಇದಲ್ಲ. ಪ್ರೀಮಿಯಂನಲ್ಲಿ ಸಾಲುಗಳ ಅಂತರ 38 ಇಂಚು. ಒಬ್ಬರೇ ಹೋಗುವವರು 40ರಿಂದ 42ನೇ ಸಾಲಿನ ಎ ಅಥವಾ ಕೆ ಹಿಡಿಯಿರಿ: ಕಿಟಕಿಯ ಪಕ್ಕ ಒಂಟಿ ಸೀಟು, ಗೋಡೆಗೆ ಒತ್ತಿ ಸಾಮಾನು ಇಡುವ ಪೆಟ್ಟಿಗೆ, ಏಳಬೇಕಾದಾಗ ಯಾರ ಕಾಲನ್ನೂ ದಾಟಬೇಕಿಲ್ಲ. ಹಿಂಬದಿಯಾದ್ದರಿಂದ ಶೌಚಾಲಯಕ್ಕೆ ಓಡಾಡುವವರ ಸದ್ದು ಇದ್ದದ್ದೇ. ವಿಮಾನದೊಳಗಿನ ಗಾಳಿಯ ಒತ್ತಡ 6,000 ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟು, ಹಳೆಯ ವಿಮಾನಗಳಿಗಿಂತ ತಲೆ ಕಡಿಮೆ ಭಾರವಾಗುತ್ತದೆ. ಕಾಲು ಊದದಿರಲು ಎದ್ದು ನಡೆಯುವುದಕ್ಕೆ ಮಾತ್ರ ಬದಲಿ ಇಲ್ಲ.

ಸಸ್ಯಾಹಾರಿಗಳು 24 ಗಂಟೆ ಮೊದಲೇ ಎವಿಎಂಎಲ್ ಎಂದು ಆರಿಸಬೇಕು, ಅದು ಭಾರತೀಯ ಅಡುಗೆ. ವಿಜಿಎಂಎಲ್ ಎಂದು ಒತ್ತಿದರೆ ಹಾಲು-ಮೊಸರಿಲ್ಲದ ಪಾಶ್ಚಾತ್ಯ ಊಟ ಬರುತ್ತದೆ.

ಸಿಂಗಪುರ, ಕೌಲಾಲಂಪುರದಲ್ಲಿ ನೆಲೆಸಿದವರಿಗೆ ಇದಕ್ಕಿಂತ ಸಲೀಸಾದ ದಾರಿ ಇಲ್ಲ. ಬೆಂಗಳೂರಿನಿಂದ ಹೊರಡುವವರಿಗೆ ಮಾತ್ರ ಕೊಂಕಣ ಸುತ್ತಿ ಮೈಲಾರಕ್ಕೆ ಹೋದಂತೆ: ದುಬೈ ಮೂಲಕ ಹೋದರೆ ಸುಮಾರು 13,700 ಕಿ.ಮೀ., ಸಿಂಗಪುರದ ಮೂಲಕ ನಕ್ಷೆಯ ಲೆಕ್ಕದಲ್ಲೇ 18,500.